ಇಂಪೀಡೆನ್ಸ್‌ಗೆ ಹೆಸರಿಟ್ಟ ಹೆವಿಸೈಡ್

ಈಕ್ವಲೈಸರ್‌ನ ಗುಣಮಟ್ಟ ಅಳೆಯುವ ತಂತ್ರಜ್ಞರು ಅದರ ಹೊರತುದಿಗೆ ಒಮ್ಮೆ 600 ಓಮ್, ಇನ್ನೊಮ್ಮೆ 10,000 ಓಮ್ ಹೊರೆ ಜೋಡಿಸಿ ನೋಡುವುದುಂಟು. 600 ಓಮ್‌ಗೆಂದೇ ರೂಪಿಸಿದ ಹಳೆಯ ಮಾದರಿಯಾದರೆ, ಗುಂಡಿ ಮುಟ್ಟದಿದ್ದರೂ ಕಂಪನಾಂಕಗಳ ಏರಿಳಿತದ ರೇಖೆ ಬದಲಾಗುತ್ತದೆ. ಹೊರೆಯ ಈ ಗುಣಕ್ಕೆ 1886ರಲ್ಲಿ ಇಂಪೀಡೆನ್ಸ್ ಎಂದು ಹೆಸರಿಟ್ಟವರು ಆಲಿವರ್ ಹೆವಿಸೈಡ್. ಧ್ವನಿಯನ್ನು ದೂರ ಸಾಗಿಸುವ ಗಣಿತ ಬರೆದ ಅವರ ಕಿವಿ ಬಾಲ್ಯದಿಂದಲೇ ಮಂದವಾಗಿತ್ತು.

1850ರಲ್ಲಿ ಲಂಡನ್ನಿನ ಕ್ಯಾಮ್‌ಡೆನ್ ಟೌನ್‌ನ ಬಡ ಕುಟುಂಬದಲ್ಲಿ ಜನಿಸಿದ ಹೆವಿಸೈಡ್ ಹದಿನಾರಕ್ಕೇ ಶಾಲೆ ಬಿಟ್ಟರು. ಕೆಲಕಾಲ ಟೆಲಿಗ್ರಾಫ್ ಕಂಪನಿಯಲ್ಲಿ ದುಡಿದು, 1874ರಲ್ಲಿ ರಾಜೀನಾಮೆಯಿತ್ತು ಹೆತ್ತವರ ಮನೆಗೆ ಮರಳಿದರು. ಮತ್ತೆಂದೂ ನೌಕರಿ ಹಿಡಿಯಲಿಲ್ಲ.

ಆಗ ದೂರವಾಣಿ ತಂತಿ ಉದ್ದವಾದಂತೆ ಮಾತು ಕಲಸಿಹೋಗುತ್ತಿತ್ತು. ಮೇಲಿನ ಕಂಪನಾಂಕಗಳು ಹೆಚ್ಚು ಕ್ಷೀಣಿಸುತ್ತಿದ್ದವು. ಎಲ್ಲವೂ ಒಂದೇ ವೇಗದಲ್ಲಿ ಸಾಗುತ್ತಲೂ ಇರಲಿಲ್ಲ. ತಂತಿಯ ಇಂಡಕ್ಟೆನ್ಸ್ ಮಾತಿಗೆ ಶತ್ರುವೆಂಬುದು ಬ್ರಿಟಿಷ್ ಅಂಚೆ ಇಲಾಖೆಯ ವಿಲಿಯಂ ಪ್ರೀಸ್ ಅವರ ನಿಲುವು. ಹೆವಿಸೈಡ್ ತದ್ವಿರುದ್ಧ ಹೇಳಿದರು: ತಕ್ಕ ಪ್ರಮಾಣದಲ್ಲಿ ಇಂಡಕ್ಟೆನ್ಸ್ ಹೆಚ್ಚಿಸಿದರೆ ಎಲ್ಲ ಕಂಪನಾಂಕಗಳೂ ಸಮವಾಗಿ ಕ್ಷೀಣಿಸಿ ಒಟ್ಟಿಗೇ ತಲುಪುತ್ತವೆ. ಅಂತಹ ತಂತಿಯ ತುದಿಯಲ್ಲಿ ಸರಿಹೊಂದುವ ಹೊರೆಯಿದ್ದರೆ ಅಲೆ ಹಿಂದಿರುಗದೆ ಅಲ್ಲೇ ಹೀರಿಕೊಳ್ಳಲ್ಪಡುತ್ತದೆ ಎಂದೂ ತೋರಿಸಿದರು.

ಅಂಚೆ ಇಲಾಖೆಯಲ್ಲೇ ಇಂಜಿನಿಯರ್ ಆಗಿದ್ದ ಅಣ್ಣ ಆರ್ಥರ್ ಜತೆ ಬರೆದ ಪ್ರಬಂಧಕ್ಕೆ 1887ರಲ್ಲಿ ಪ್ರೀಸ್ ತಡೆಯೊಡ್ಡಿದರು. ಹೆವಿಸೈಡ್ ಲೇಖನಮಾಲೆ ಪ್ರಕಟಿಸುತ್ತಿದ್ದ ದಿ ಎಲೆಕ್ಟ್ರಿಷಿಯನ್ ಪತ್ರಿಕೆಯೂ ಅದೇ ವರ್ಷ ಅದನ್ನು ನಿಲ್ಲಿಸಿತು. ಅವರ ಬರವಣಿಗೆ ಕ್ಲಿಷ್ಟವಾಗಿತ್ತು, ಮೊನಚು ವ್ಯಂಗ್ಯವೂ ಇತ್ತೆಂಬುದು ನಿಜ. ಆದರೆ ಅಧಿಕಾರಸ್ಥರ ಹಟಕ್ಕೆ ಅದು ನೆಪವಾಗಲಾರದು. 1889ರಲ್ಲಿ ವಿಲಿಯಂ ಥಾಮ್ಸನ್ ಬಹಿರಂಗವಾಗಿ ಪ್ರಶಂಸಿಸಿದ ಮೇಲೆ ಗಾಳಿ ತಿರುಗಿತು. 1891ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ ಒಲಿಯಿತು.

ಹಣ ಮಾತ್ರ ಒಲಿಯಲಿಲ್ಲ. ತಂತಿಯಲ್ಲಿ ಅಲ್ಲಲ್ಲಿ ಸುರುಳಿಗಳನ್ನು ಅಳವಡಿಸಬಹುದೆಂದು 1893ರಷ್ಟರಲ್ಲೇ ಬರೆದಿದ್ದರೂ ಅವರು ಪೇಟೆಂಟ್ ಪಡೆದಿರಲಿಲ್ಲ. 1900ರಲ್ಲಿ ಅಮೆರಿಕದಲ್ಲಿ ಅದನ್ನು ಪಡೆದವರು ಮೈಕೆಲ್ ಪ್ಯೂಪಿನ್. ಸಂಪತ್ತೂ ಅವರ ಪಾಲಾಯಿತು. ಸುರುಳಿಗಳ ನಡುವಣ ಅಂತರವನ್ನು ಲೆಕ್ಕ ಹಾಕಿ ತೋರಿಸಿದ್ದು ಪ್ಯೂಪಿನ್ ಎಂಬ ವಾದವುಂಟು. ಅದೇ ಕೆಲಸವನ್ನು ಜಾರ್ಜ್ ಕ್ಯಾಂಬೆಲ್ ಸಹ ಸ್ವತಂತ್ರವಾಗಿ ಮಾಡಿದ್ದರು. ಮೂಲ ಚಿಂತನೆ ಹೆವಿಸೈಡರದು.

ಸರ್ಕಾರದ ಅಲ್ಪ ಪಿಂಚಣಿಯಲ್ಲಿ ಒಂಟಿಯಾಗಿ ಬಾಳಿದ ಅವರಿಗೆ 1922ರಲ್ಲಿ ಮೊತ್ತಮೊದಲ ಫ್ಯಾರಡೆ ಪದಕ ಸಂದಿತು. 1925ರ ಫೆಬ್ರವರಿ 3ರಂದು ಟಾರ್ಕಿಯಲ್ಲಿ ನಿಧನರಾದರು. ಪಕ್ಕದ ಪೇಯ್ನ್‌ಟನ್‌ನಲ್ಲಿ ತಂದೆತಾಯಿಯ ಸಮಾಧಿಯಲ್ಲೇ ಅವರನ್ನು ಮಣ್ಣುಮಾಡಲಾಯಿತು.