ಜಾರ್ಜ್ ಸೈಮನ್ ಓಮ್

ವಿಜ್ಞಾನವನ್ನು ಅಭ್ಯಸಿಸುವ ವಿದ್ಯಾರ್ಥಿಗಳೆಲ್ಲರಿಗೂ ಓಮನ ನಿಯಮವು ಪರಿಚಿತವಾದುದು. ವೋಲ್ಟುಗಳನ್ನು ರೋಧದಿಂದ ಭಾಗಿಸಿದರೆ ಪ್ರವಾಹವು ದೊರೆಯುವುದೆಂಬ ಈ ಪುಟ್ಟ ಸೂತ್ರವನ್ನು ಕಂಠಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಅಂಕಗಳನ್ನು ಗಳಿಸುವವರು ಅನೇಕರು. ಆದರೆ ಅದನ್ನು ಕಂಡುಹಿಡಿದವನು ಪಟ್ಟ ಶ್ರಮವೆಷ್ಟು, ಆ ಸೂತ್ರವು ಇಂದು ನಮ್ಮ ಮನೆಗಳನ್ನು ಬೆಂಕಿಯಿಂದ ಕಾಪಾಡುತ್ತಿರುವ ಬಗೆ ಯಾವುದು ಎಂಬುದನ್ನು ತಿಳಿದವರು ವಿರಳ.

ಜಾರ್ಜ್ ಸೈಮನ್ ಓಮ್ 1789ನೆಯ ಇಸವಿ ಮಾರ್ಚ್ 16ರಂದು ಜರ್ಮನಿಯ ಎರ್ಲಾಂಗೆನ್ ಪಟ್ಟಣದಲ್ಲಿ ಜನಿಸಿದನು. ತಂದೆಯು ಬೀಗ ಮಾಡುವ ಕಸುಬಿನವನು. ಶಾಲೆಯ ವಿದ್ಯೆ ಅವನಿಗೆ ಹೆಚ್ಚಾಗಿ ದೊರೆಯದಿದ್ದರೂ ಸ್ವಂತ ಪರಿಶ್ರಮದಿಂದ ಗಣಿತವನ್ನೂ ತತ್ತ್ವಶಾಸ್ತ್ರವನ್ನೂ ಕಲಿತು, ಮಕ್ಕಳಿಗೆ ತಾನೇ ಪಾಠ ಹೇಳಿದನು. ಓಮನಿಗೆ ಹತ್ತು ವರ್ಷವಾಗಿದ್ದಾಗ ತಾಯಿ ತೀರಿಕೊಂಡಳು. ಬಡತನದ ಆ ಮನೆಯಿಂದ ಇಬ್ಬರು ವಿದ್ವಾಂಸರು ಹೊರಬಂದರು. ಓಮನ ತಮ್ಮ ಮಾರ್ಟಿನನೂ ಮುಂದೆ ಗಣಿತಜ್ಞನಾಗಿ ಹೆಸರು ಪಡೆದನು.

1805ರಲ್ಲಿ ಓಮನು ಎರ್ಲಾಂಗೆನ್ ವಿಶ್ವವಿದ್ಯಾಲಯವನ್ನು ಸೇರಿದನು. ಆದರೆ ಪುಸ್ತಕಕ್ಕಿಂತ ನೃತ್ಯ, ಬಿಲಿಯರ್ಡ್ಸ್, ಮಂಜುಗಡ್ಡೆಯ ಮೇಲೆ ಜಾರುವ ಆಟ ಇವುಗಳಲ್ಲಿಯೇ ಅವನ ಮನಸ್ಸು ನೆಟ್ಟಿತು. ಇದನ್ನು ಕಂಡ ತಂದೆಯು ಬಹಳ ನೊಂದನು. ಓಮನು ಓದನ್ನು ಅರ್ಧಕ್ಕೆ ಬಿಟ್ಟು ಸ್ವಿಟ್ಜರ್ಲೆಂಡಿಗೆ ಹೋಗಿ ಉಪಾಧ್ಯಾಯನಾಗಬೇಕಾಯಿತು. ಅಲ್ಲಿ ಅವನು ಸುಧಾರಿಸಿಕೊಂಡನು. ಬಿಡುವಿನ ವೇಳೆಯಲ್ಲಿ ಗಣಿತವನ್ನು ತಾನಾಗಿಯೇ ವ್ಯಾಸಂಗ ಮಾಡಿ, 1811ರಲ್ಲಿ ಊರಿಗೆ ಮರಳಿ ಡಾಕ್ಟರೇಟ್ ಪದವಿಯನ್ನು ಪಡೆದನು. ಬಾಂಬರ್ಗಿನ ಶಾಲೆಯೊಂದರಲ್ಲಿ ಕೆಲಕಾಲ ದುಡಿದ ಮೇಲೆ, 1817ರಲ್ಲಿ ಕಲೋನ್ ನಗರದ ಪ್ರೌಢಶಾಲೆಗೆ ಬಂದನು. ಆ ಶಾಲೆಯಲ್ಲಿ ಒಂದು ಪ್ರಯೋಗಶಾಲೆಯಿತ್ತು. ಅದೇ ಅವನ ಪಾಲಿನ ಭಾಗ್ಯವಾಯಿತು.

ತಂತಿಯು ಉದ್ದವಾದಷ್ಟೂ ಅದರಲ್ಲಿ ಹರಿಯುವ ವಿದ್ಯುತ್ತು ಯಾವ ಪ್ರಮಾಣದಲ್ಲಿ ಕುಗ್ಗುತ್ತದೆ ಎಂಬುದೇ ಓಮನು ಎತ್ತಿಕೊಂಡ ಪ್ರಶ್ನೆ. ಅಂದಿನ ವಿದ್ಯುತ್ಕೋಶಗಳ ಬಲವು ಕ್ಷಣಕ್ಷಣಕ್ಕೂ ಬದಲಾಗುತ್ತಿದ್ದುದರಿಂದ ಅಳತೆಗಳು ಸ್ಥಿರವಾಗಿ ನಿಲ್ಲುತ್ತಿರಲಿಲ್ಲ. 1825ರಲ್ಲಿ ಅವನು ಪ್ರಕಟಿಸಿದ ಮೊದಲ ಸೂತ್ರವು ಸರಿಯಾಗಿರಲಿಲ್ಲ. ಆದರೆ ಅವನು ಅದಕ್ಕೇ ಅಂಟಿಕೊಂಡು ಕೂಡಲಿಲ್ಲ. ಪೊಗೆನ್‌ಡಾರ್ಫ್ ಎಂಬ ವಿಜ್ಞಾನಿಯ ಸಲಹೆಯಂತೆ ಕೋಶವನ್ನು ಬಿಟ್ಟು, ತಾಮ್ರ ಮತ್ತು ಬಿಸ್ಮತ್ ಲೋಹಗಳನ್ನು ಎರಡು ಕಡೆ ಜೋಡಿಸಿ, ಒಂದು ಜೋಡಣೆಯನ್ನು ಕುದಿಯುವ ನೀರಿನ ಶಾಖದಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯ ತಂಪಿನಲ್ಲಿಯೂ ಇರಿಸಿದನು. ಆಗ ಏರಿಳಿತವಿಲ್ಲದ ವಿದ್ಯುತ್ತು ದೊರೆಯಿತು. ಒಂದೇ ದಪ್ಪದ ಎಂಟು ತಾಮ್ರದ ತಂತಿಗಳನ್ನು ಒಂದೊಂದಾಗಿ ಸೇರಿಸಿ, ತೂಗುಬಿಟ್ಟ ಅಯಸ್ಕಾಂತ ಸೂಜಿಯ ಸಹಾಯದಿಂದ ಪ್ರವಾಹವನ್ನು ಅಳೆದನು.

ಹೀಗೆ 1826ರಲ್ಲಿ ಸತ್ಯವು ಹೊರಬಿದ್ದಿತು. ಪ್ರವಾಹವನ್ನು ಪಡೆಯಲು ಒಂದು ಸ್ಥಿರಸಂಖ್ಯೆಯನ್ನು ತಂತಿಯ ಉದ್ದದಿಂದ ಮಾತ್ರ ಭಾಗಿಸಿದರೆ ಸಾಲದು. ಆ ಉದ್ದಕ್ಕೆ ಮತ್ತೊಂದು ಚಿಕ್ಕ ಸಂಖ್ಯೆಯನ್ನು ಕೂಡಿಸಿ ಭಾಗಿಸಬೇಕು. ಈ ಚಿಕ್ಕ ಸಂಖ್ಯೆಯೇ ವಿದ್ಯುತ್ತಿನ ಮೂಲದಲ್ಲಿಯೂ ಮಂಡಲದ ಉಳಿದ ಭಾಗದಲ್ಲಿಯೂ ಅಡಗಿರುವ ರೋಧ. ಅಲ್ಪವೆಂದು ಅದನ್ನು ಓಮನು ಕಡೆಗಣಿಸಲಿಲ್ಲ. ಹೊರಗಿನ ತಂತಿಯನ್ನು ಎಷ್ಟೇ ಮೊಟಕುಗೊಳಿಸಿದರೂ ಪ್ರವಾಹವು ಅನಂತವಾಗುವುದಿಲ್ಲ, ಅದಕ್ಕೆ ಮೇರೆಯನ್ನು ಹಾಕುವುದು ಈ ಒಳರೋಧವೇ ಎಂಬುದು ಅವನ ಸೂತ್ರದಿಂದ ಸ್ಪಷ್ಟವಾಯಿತು.

1827ರಲ್ಲಿ ಬರ್ಲಿನ್ನಿನಲ್ಲಿ ಅವನ ಗ್ರಂಥವು ಪ್ರಕಟವಾಯಿತು. ಅದು ತನಗೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪದವಿಯನ್ನು ತಂದುಕೊಡುವುದೆಂದು ಓಮನು ಆಶಿಸಿದ್ದನು. ಗಣಿತದ ಭಾಷೆಯಲ್ಲಿ ಬರೆದ ಆ ಪುಸ್ತಕವನ್ನು ಸ್ವದೇಶದ ಪಂಡಿತರು ಆದರಿಸಲಿಲ್ಲ. ಮನನೊಂದು ಅವನು ಕಲೋನಿನ ಉದ್ಯೋಗವನ್ನೂ ತೊರೆದನು. ಕೆಲವು ವರ್ಷ ಅಲ್ಪ ವೇತನದ ಪಾಠಗಳಿಂದ ಜೀವಿಸಿದನು. 1833ರಲ್ಲಿ ನ್ಯೂರೆಂಬರ್ಗಿನ ತಾಂತ್ರಿಕ ಶಾಲೆಯಲ್ಲಿ ಸ್ಥಾನ ದೊರೆಯಿತು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಕಾಪ್ಲೆ ಪದಕವನ್ನಿತ್ತು ಗೌರವಿಸಿತು. ಬಹುಕಾಲ ಬಯಸಿದ ಪ್ರಾಧ್ಯಾಪಕ ಪದವಿಯು ಮ್ಯೂನಿಕ್ ವಿಶ್ವವಿದ್ಯಾಲಯದಲ್ಲಿ 1852ರಲ್ಲಿ ಲಭಿಸಿತು. ಅನಂತರ ಎರಡೇ ವರ್ಷಗಳಲ್ಲಿ, 1854ರ ಜುಲೈ 6ರಂದು, ಅವನು ನಿಧನನಾದನು. 1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ಅಂತರರಾಷ್ಟ್ರೀಯ ವಿದ್ಯುತ್ ಸಮ್ಮೇಳನವು ರೋಧದ ಏಕಮಾನಕ್ಕೆ ಓಮ್ ಎಂಬ ಹೆಸರನ್ನು ಅಂಗೀಕರಿಸಿತು.

ಓಮನು ಬಿಡದೆ ಲೆಕ್ಕಕ್ಕೆ ಹಿಡಿದ ಆ ಚಿಕ್ಕ ರೋಧದ ಮಹತ್ತ್ವವನ್ನು ನಮ್ಮ ಮನೆಯಲ್ಲಿಯೇ ಕಾಣಬಹುದು. 230 ವೋಲ್ಟಿನ ಮಂಡಲದಲ್ಲಿ 1000 ವಾಟಿನ ಇಸ್ತ್ರಿಪೆಟ್ಟಿಗೆಯು ಸುಮಾರು 4 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ಆದರೆ ಎರಡು ತಂತಿಗಳು ನೇರವಾಗಿ ಒಂದನ್ನೊಂದು ತಾಗಿ ಶಾರ್ಟ್ ಸರ್ಕಿಟ್ ಆದಾಗ, ಟ್ರಾನ್ಸ್‌ಫಾರ್ಮರ್ ಮತ್ತು ತಂತಿಗಳ ರೋಧವಲ್ಲದೆ ಬೇರೆ ತಡೆಯೇ ಉಳಿಯುವುದಿಲ್ಲ. ಅದು 0.1 ಓಮ್ ಆಗಿದ್ದರೆ 2300 ಆಂಪಿಯರ್ ನುಗ್ಗುತ್ತದೆ. ಟ್ರಾನ್ಸ್‌ಫಾರ್ಮರ್ ಸಮೀಪದಲ್ಲಿದ್ದು ರೋಧವು 0.02 ಓಮ್ ಆಗಿದ್ದರೆ 11,500 ಆಂಪಿಯರ್! ಇದನ್ನೇ ಸಂಭಾವ್ಯ ದೋಷಪ್ರವಾಹವೆನ್ನುವರು. ಮಂಡಲವನ್ನು ಕಡಿಯಬೇಕಾದ ಬ್ರೇಕರಿಗೆ 6000 ಆಂಪಿಯರನ್ನು ಮಾತ್ರ ತಡೆಯುವ ಶಕ್ತಿಯಿದ್ದರೆ, ಅಂಥ ಪ್ರವಾಹದಲ್ಲಿ ಅದೇ ಸಿಡಿದು ಬೆಂಕಿಗೆ ಕಾರಣವಾಗಬಹುದು.

ಆದುದರಿಂದ ಹೊಸ ಕಟ್ಟಡದ ವೈರಿಂಗನ್ನು ಪರೀಕ್ಷಿಸುವ ತಜ್ಞರು, ವಿದ್ಯುತ್ತು ಒಳಬರುವ ಮುಖ್ಯ ಸ್ವಿಚ್ಚಿನ ಬಳಿ ಈ ಪ್ರವಾಹವನ್ನು ಅಳೆಯುತ್ತಾರೆ. ಅದಕ್ಕಾಗಿ ನಿಜವಾಗಿ ಶಾರ್ಟ್ ಸರ್ಕಿಟ್ ಮಾಡಬೇಕಾಗಿಲ್ಲ. ಉಪಕರಣವು ಕ್ಷಣಕಾಲ ತಿಳಿದಷ್ಟು ಪ್ರವಾಹವನ್ನು ಎಳೆದು, ವೋಲ್ಟುಗಳು ಎಷ್ಟು ಇಳಿದುವೆಂದು ನೋಡುತ್ತದೆ. 20 ಆಂಪಿಯರ್ ಎಳೆದಾಗ 230 ವೋಲ್ಟು 228ಕ್ಕೆ ಇಳಿದರೆ, 2ನ್ನು 20ರಿಂದ ಭಾಗಿಸಿ 0.1 ಓಮ್ ಎಂದು ತಿಳಿಯುತ್ತದೆ. ಉಳಿದುದು ಓಮನ ಲೆಕ್ಕ. ಪರ್ಯಾಯ ಪ್ರವಾಹದಲ್ಲಿ ಕಾಂತಪ್ರಭಾವದ ತಡೆಯೂ ರೋಧದೊಡನೆ ಸೇರುವುದುಂಟಾದರೂ ತತ್ತ್ವವು ಒಂದೇ. ಜೀವಂತ ತಂತಿಯ ಮೇಲೆ ನಡೆಯುವ ಈ ಪರೀಕ್ಷೆಯು ತರಬೇತಿ ಹೊಂದಿದವರ ಕೆಲಸವೇ ಹೊರತು ವಿದ್ಯಾರ್ಥಿಗಳ ಪ್ರಯೋಗವಲ್ಲವೆಂಬುದನ್ನು ಮರೆಯಬಾರದು.

ತಪ್ಪಿದ ಸೂತ್ರವನ್ನು ತಾನೇ ತಿದ್ದಿಕೊಂಡು, ಅಲ್ಪವಾದುದನ್ನೂ ಲೆಕ್ಕದಿಂದ ಬಿಡದೆ, ಮನ್ನಣೆಗಾಗಿ ದೀರ್ಘಕಾಲ ಕಾದ ಆ ಶಾಲಾ ಉಪಾಧ್ಯಾಯನ ತಾಳ್ಮೆಯು ಇಂದು ಲಕ್ಷಾಂತರ ಮನೆಗಳಿಗೆ ರಕ್ಷೆಯಾಗಿದೆ. ಓಮನ ನಿಯಮವನ್ನು ಬರೆಯುವಾಗ ವಿದ್ಯಾರ್ಥಿಮಿತ್ರರು ಅವನ ಈ ಗುಣಗಳನ್ನೂ ನೆನೆಯಲಿ.