ಕೃತಕ ಕಾವಿನ ವಿಜ್ಞಾನಿ ರೋಮರ್: ದೂರದಿಂದ ಬಂದ ಮೊಟ್ಟೆಗೆ ಅವರ ಬದುಕಿನ ಪಾಠ



ಭೀಮಸಮುದ್ರದ ಅಡಿಕೆ ತೋಟಗಳ ಅಂಚಿನಲ್ಲಿ ಹಿತ್ತಲ ಕೋಳಿ ಸಾಕಣೆ ಕೈಗೊಂಡವರು ಉತ್ತಮ ತಳಿಯ ಫಲಭರಿತ ಮೊಟ್ಟೆಗಳನ್ನು ದೂರದ ಊರಿನಿಂದ ಅಂಚೆ ಅಥವಾ ಬಸ್ಸಿನ ಪಾರ್ಸೆಲ್ ಮೂಲಕ ತರಿಸಿಕೊಳ್ಳುವುದುಂಟು. 21 ದಿನ ಕಾದ ಬಳಿಕವೂ ಮರಿ ಹೊರಬಾರದಿದ್ದರೆ ಹಣ, ಶ್ರಮ ಹಾಗೂ ಉತ್ಸಾಹ ಮೂರೂ ನಷ್ಟವಾಗುತ್ತವೆ. ಇಂತಹ ನಷ್ಟದ ಕಾರಣವನ್ನು ಸುಮಾರು ಇನ್ನೂರೆಪ್ಪತ್ತು ವರ್ಷಗಳ ಹಿಂದೆಯೇ ಶ್ರದ್ಧೆಯಿಂದ ಹುಡುಕಿದ ವಿಜ್ಞಾನಿಯೊಬ್ಬರ ಜೀವನವನ್ನು ಇಲ್ಲಿ ನಿಮಗೆ ಪರಿಚಯಿಸಲಾಗಿದೆ.

ರೆನೆ ಆಂತ್ವಾನ್ ಫೆರ್ಶೋ ದ ರೋಮರ್ ಅವರು 1683ರ ಫೆಬ್ರವರಿ 28ರಂದು ಫ್ರಾನ್ಸ್ ದೇಶದ ಲಾ ರೊಶೆಲ್ ಎಂಬ ಬಂದರು ಪಟ್ಟಣದಲ್ಲಿ ಜನಿಸಿದರು. ಗಣಿತದಲ್ಲಿ ಪರಿಣತಿ ಪಡೆದ ಅವರು 1708ರಲ್ಲಿ, ಇನ್ನೂ 25 ವರ್ಷ ತುಂಬಿದ್ದಾಗಲೇ, ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯನ್ನು ಸೇರಿದರು. ಕಬ್ಬಿಣವನ್ನು ಉಕ್ಕಾಗಿಸುವ ವಿಧಾನವನ್ನು ಕುರಿತು 1722ರಲ್ಲಿ ಗ್ರಂಥವನ್ನು ಪ್ರಕಟಿಸಿದರು. ಈ ಸೇವೆಗಾಗಿ ಸರ್ಕಾರ ನೀಡಿದ ದೊಡ್ಡ ವಾರ್ಷಿಕ ವೇತನವನ್ನು ಅಕಾಡೆಮಿಗೇ ಮೀಸಲಿಡುವಂತೆ ಕೋರಿದರು. 1734ರಿಂದ 1742ರವರೆಗೆ ಕೀಟಗಳ ಜೀವನವನ್ನು ಕುರಿತು ಆರು ಸಂಪುಟಗಳನ್ನು ಹೊರತಂದರು. ಜೇನುನೊಣಗಳ ವಿಚಾರವೂ ಅವುಗಳಲ್ಲಿ ವಿವರವಾಗಿ ಬಂದಿದೆ.

ಕೋಳಿ ಸಾಕುವವರಿಗೆ ಅವರು ಹತ್ತಿರವಾಗುವುದು ಉಷ್ಣಮಾಪಕದ ಮೂಲಕ. 1730ರಲ್ಲಿ ಅವರು ರೂಪಿಸಿದ ಮಾಪಕದಲ್ಲಿ ನೀರು ಹೆಪ್ಪುಗಟ್ಟುವ ಹಂತ 0. ಮುಂದೆ ಅವರ ಹೆಸರಿನಲ್ಲೇ ರೂಢಿಗೆ ಬಂದ ಮಾಪಕದಲ್ಲಿ ನೀರು ಕುದಿಯುವ ಹಂತ 80. ಕಾವು ಕುಳಿತ ಕೋಳಿಯ ಕೆಳಗೆ ಉಷ್ಣಮಾಪಕವನ್ನಿಟ್ಟು ಅವರು ಅಳೆದಾಗ ಸುಮಾರು 32 ಡಿಗ್ರಿ ದೊರೆಯಿತು. ಇಂದಿನ ಲೆಕ್ಕದಲ್ಲಿ ಅದು ಹೆಚ್ಚುಕಡಿಮೆ 40 ಡಿಗ್ರಿ ಸೆಲ್ಸಿಯಸ್.

ಈಜಿಪ್ಟ್ ದೇಶದಲ್ಲಿ ಇಟ್ಟಿಗೆಯ ದೊಡ್ಡ ಗೂಡುಗಳಲ್ಲಿ ಸಾವಿರಾರು ಮೊಟ್ಟೆಗಳಿಗೆ ಒಮ್ಮೆಲೇ ಕಾವು ಕೊಡುವ ಪದ್ಧತಿ ಪ್ರಾಚೀನ ಕಾಲದಿಂದಲೂ ಇತ್ತು. ಅದನ್ನು ಬಲ್ಲವರು ತಂದೆಯಿಂದ ಮಗನಿಗೆ ಆ ವಿದ್ಯೆಯನ್ನು ಗುಟ್ಟಾಗಿ ದಾಟಿಸುತ್ತಿದ್ದರು. ಬಿಸಿಯನ್ನು ಅವರು ಅಂದಾಜಿಸುತ್ತಿದ್ದುದು ಮೈಯ ಅನುಭವದಿಂದಲೇ. ಕೈಯ ಅಂದಾಜನ್ನು ಅಳತೆಗೆ ತಂದರೆ ಈ ವಿದ್ಯೆ ಯಾವ ರೈತನಿಗಾದರೂ ದಕ್ಕುತ್ತದೆ ಎಂಬುದು ರೋಮರ್ ಅವರ ನಂಬಿಕೆಯಾಗಿತ್ತು.

ಬಡ ರೈತನ ಬಳಿ ಇಟ್ಟಿಗೆಯ ಗೂಡಿಲ್ಲ, ತಿಪ್ಪೆ ಇದೆ. ಆದ್ದರಿಂದ ಅವರು ತಿಪ್ಪೆಯ ಬಿಸಿಯನ್ನೇ ಬಳಸಲು ಮುಂದಾದರು. ಮೊದಲ ಪ್ರಯತ್ನಗಳು ವಿಫಲವಾದವು. ಬಿಸಿ ಸರಿಯಾಗಿದ್ದರೂ ಮೊಟ್ಟೆಯೊಳಗಿನ ಭ್ರೂಣಗಳು ಸತ್ತವು. ಗೊಬ್ಬರದಿಂದ ಏಳುವ ತೇವದ ಆವಿಯೇ ಇದಕ್ಕೆ ಕಾರಣವೆಂದು ಅವರು ಕಂಡುಕೊಂಡರು. ಅನಂತರ ಮರದ ಪೀಪಾಯಿಯ ಒಳಮೈಗೆ ಗಾರೆ ಬಳಿದು, ಅದನ್ನು ತಿಪ್ಪೆಯಲ್ಲಿ ಹೂತು, ಮೊಟ್ಟೆಯ ಬುಟ್ಟಿಗಳನ್ನು ಒಳಗಿರಿಸಿದರು. ಮುಚ್ಚಳದಲ್ಲಿ ರಂಧ್ರಗಳನ್ನು ಮಾಡಿ, ಬಿರಟೆಗಳನ್ನು ತೆಗೆದು ಹಾಕಿ ಬಿಸಿಯನ್ನೂ ಗಾಳಿಯನ್ನೂ ಹತೋಟಿಯಲ್ಲಿಟ್ಟರು. ಮರಿಗಳು ಹೊರಬಂದವು. ಉಷ್ಣಮಾಪಕ ಕೊಳ್ಳಲಾಗದವರಿಗಾಗಿ ಬೆಣ್ಣೆ ಮತ್ತು ಕೊಬ್ಬನ್ನು ಬೆರೆಸಿ ತುಂಬಿದ ಚಿಕ್ಕ ಸೀಸೆಯನ್ನು ಸೂಚಿಸಿದರು. ಆ ಮಿಶ್ರಣ ಕರಗುವ ಬಗೆಯಿಂದ ಬಿಸಿಯನ್ನು ತಿಳಿಯಬಹುದಾಗಿತ್ತು. ತಾಯಿಯಿಲ್ಲದ ಮರಿಗಳಿಗಾಗಿ ಕುರಿಯ ತುಪ್ಪಳ ಹೊದಿಸಿದ ಪೆಟ್ಟಿಗೆಯನ್ನೂ ರೂಪಿಸಿದರು. ಈ ಎಲ್ಲ ಅನುಭವವನ್ನು 1749ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು.

ದೂರದಿಂದ ತರಿಸಿದ ಮೊಟ್ಟೆಯ ಪ್ರಶ್ನೆಯೂ ಅವರನ್ನು ಕಾಡಿತ್ತು. ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ತೇವಾಂಶ ಆವಿಯಾಗುವುದರಿಂದ ಮೊಟ್ಟೆ ಕೆಡುತ್ತದೆಂದು ಅವರು ತಿಳಿದಿದ್ದರು. ಅದನ್ನು ತಡೆಯಲು ಚಿಪ್ಪಿಗೆ ಮೆರುಗೆಣ್ಣೆ ಹಾಗೂ ಕೊಬ್ಬನ್ನು ಸವರಿ ಪರೀಕ್ಷಿಸಿದರು. ತಿನ್ನುವ ಮೊಟ್ಟೆ ಇದರಿಂದ ಬಹುಕಾಲ ಉಳಿಯಿತು. ಆದರೆ ಕಾವಿಗಿಡುವ ಮೊದಲು ಆ ಲೇಪವನ್ನು ತೆಗೆಯಲೇಬೇಕಿತ್ತು. ಏಕೆಂದರೆ ತೇವ ಹೊರಹೋಗುವ ರಂಧ್ರಗಳಿಂದಲೇ ಭ್ರೂಣಕ್ಕೆ ಗಾಳಿಯೂ ಒಳಬರಬೇಕು. ಮೊಟ್ಟೆ ಉಸಿರಾಡುವ ಜೀವಿ ಎಂಬುದನ್ನು ತಿಪ್ಪೆಯ ಸೋಲೂ ಲೇಪದ ಪರೀಕ್ಷೆಯೂ ಒಂದೇ ಬಗೆಯಲ್ಲಿ ತೋರಿಸಿಕೊಟ್ಟವು.

ಅವರ ಕಾಲದಲ್ಲಿ ಈ ವಿಧಾನ ಹಳ್ಳಿಗಳಲ್ಲಿ ವ್ಯಾಪಕವಾಗಲಿಲ್ಲ. ಕುದುರೆಯಿಂದ ಬಿದ್ದ ಪರಿಣಾಮವಾಗಿ 1757ರ ಅಕ್ಟೋಬರ್ 17ರಂದು ಅವರು ನಿಧನರಾದರು. ಆದರೂ ಬಿಸಿ, ತೇವ ಮತ್ತು ಗಾಳಿಯನ್ನು ಒಟ್ಟಾಗಿ ಗಮನಿಸಬೇಕೆಂಬ ಅವರ ತಿಳಿವಳಿಕೆ ಇಂದಿನ ಪ್ರತಿಯೊಂದು ಇನ್‌ಕ್ಯುಬೇಟರಿನಲ್ಲಿಯೂ ಉಳಿದಿದೆ.

ಈ ಜೀವನದಿಂದ ನೀವು ಅನುಸರಿಸಬೇಕಾದ ಕ್ರಮಗಳು ಇಂತಿವೆ:

• ಇಟ್ಟ ದಿನದಿಂದ 7 ದಿನಗಳೊಳಗೆ ಕಾವಿಗಿಡಬಹುದಾದ ಮೊಟ್ಟೆಗಳನ್ನಷ್ಟೇ ತರಿಸಿರಿ. ಚಿತ್ರದುರ್ಗದ ಬೇಸಿಗೆಯ ಬಿಸಿಲಿನಲ್ಲಿ ಪಾರ್ಸೆಲ್ ಉಳಿಯದಂತೆ ರಾತ್ರಿಯ ಪ್ರಯಾಣವನ್ನು ಆರಿಸಿಕೊಳ್ಳಿರಿ.

• ತಲುಪಿದ ಕೂಡಲೇ ಕಾವಿಗಿಡಬೇಡಿರಿ. ಬಿರುಕು ಬಿಟ್ಟವನ್ನು ಬೇರ್ಪಡಿಸಿ, ಉಳಿದವನ್ನು ಅಗಲವಾದ ತುದಿ ಮೇಲಿರುವಂತೆ ತಂಪಾದ ಸ್ಥಳದಲ್ಲಿ 12ರಿಂದ 24 ಗಂಟೆ ವಿಶ್ರಾಂತಿಗೆ ಬಿಡಿರಿ. ಪ್ರಯಾಣದ ಅಲುಗಾಟದಿಂದ ಕದಲಿದ ಗಾಳಿಕೋಶ ನೆಲೆಗೊಳ್ಳಲು ಇದು ಸಹಾಯಕ.

• ಮೊಟ್ಟೆಗಳನ್ನು ತೊಳೆಯಬಾರದು, ಎಣ್ಣೆಯನ್ನೂ ಸವರಬಾರದು.

• ಬೀಸಣಿಗೆಯುಳ್ಳ ಇನ್‌ಕ್ಯುಬೇಟರಿನಲ್ಲಿ 37.5ರಿಂದ 37.8 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಇರಲಿ. ರೋಮರ್ ಅವರ 40 ಡಿಗ್ರಿಯನ್ನು ಇದಕ್ಕೆ ಅನ್ವಯಿಸಬಾರದು. ಕೋಳಿಯ ಮೈ ಮೊಟ್ಟೆಯನ್ನು ಮೇಲಿನಿಂದ ಮಾತ್ರ ಬಿಸಿ ಮಾಡುತ್ತದೆ. ಯಂತ್ರದ ಬಿಸಿಗಾಳಿ ಎಲ್ಲ ಕಡೆಯಿಂದಲೂ ತಗಲುತ್ತದೆ.

• ಮೊದಲ 18 ದಿನ ಆರ್ದ್ರತೆ ಶೇ. 55ರಿಂದ 60ರಷ್ಟಿರಲಿ; ದಿನಕ್ಕೆ ಕನಿಷ್ಠ ಮೂರು ಬಾರಿ ಮೊಟ್ಟೆಗಳನ್ನು ತಿರುಗಿಸಿರಿ. ಕೊನೆಯ ಮೂರು ದಿನ ತಿರುಗಿಸುವುದನ್ನು ನಿಲ್ಲಿಸಿ, ಆರ್ದ್ರತೆಯನ್ನು ಶೇ. 65ರಿಂದ 70ಕ್ಕೆ ಏರಿಸಿರಿ. ಗಾಳಿಯ ರಂಧ್ರಗಳನ್ನು ಎಂದಿಗೂ ಮುಚ್ಚಬೇಡಿರಿ.

• 7ನೇ ದಿನ ಕತ್ತಲೆಯಲ್ಲಿ ಬೆಳಕು ಹಿಡಿದು ಪರೀಕ್ಷಿಸಿ, ರಕ್ತನಾಳಗಳು ಕಾಣದ ಮೊಟ್ಟೆಗಳನ್ನು ತೆಗೆದುಹಾಕಿರಿ.

• ವಿದ್ಯುತ್ತಿನ ಭರವಸೆ ಇಲ್ಲದಿದ್ದರೆ ಕಾವು ಕುಳಿತ ನಾಟಿ ಕೋಳಿಯೇ ಉತ್ತಮ. ಒಂದು ಕೋಳಿಗೆ 10ರಿಂದ 12 ಮೊಟ್ಟೆ ಸಾಕು.

ಮರಿ ಬಾರದಿದ್ದಾಗ ಅದೃಷ್ಟವನ್ನು ಹಳಿಯದೆ, ಪ್ರತಿದಿನದ ಉಷ್ಣತೆ, ಆರ್ದ್ರತೆ ಮತ್ತು ಒಡೆಯದ ಮೊಟ್ಟೆಗಳ ಸಂಖ್ಯೆಯನ್ನು ಪುಸ್ತಕದಲ್ಲಿ ಬರೆದಿಡಿರಿ. ತಿಪ್ಪೆಯಲ್ಲಿ ಸತ್ತ ಭ್ರೂಣಗಳನ್ನು ಪರೀಕ್ಷಿಸಿಯೇ ರೋಮರ್ ಅವರು ದಾರಿ ಕಂಡುಕೊಂಡರು. ನಿಮ್ಮ ಪುಸ್ತಕದ ಲೆಕ್ಕವೂ ಮುಂದಿನ ಬಾರಿಯ ನಷ್ಟವನ್ನು ತಗ್ಗಿಸಬಲ್ಲದು. ವಿಸ್ತರಣಾ ಕಾರ್ಯಕರ್ತರು ರೈತರ ಮನೆಗೆ ಭೇಟಿ ನೀಡಿದಾಗ ಮೊದಲು ಈ ಪುಸ್ತಕವನ್ನು ನೋಡಿ, ಅನಂತರ ಸಲಹೆ ನೀಡುವುದು ಸೂಕ್ತ.