‘ಇಮ್ರೋಜ್’ ಪತ್ರಿಕೆಯ ಶೋಯಬುಲ್ಲಾ ಖಾನ್

1947ರ ಆಗಸ್ಟ್ 15ರಂದು ಮಂಗಳೂರಿನಲ್ಲಿ ತ್ರಿವರ್ಣ ಧ್ವಜ ಹಾರಿತು. ಆಗ ನಮ್ಮ ಕರಾವಳಿ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಆದರೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದವರಿಗೆ ಅಂದು ಸ್ವಾತಂತ್ರ್ಯ ಸಿಗಲಿಲ್ಲ. ಆ ಊರುಗಳೆಲ್ಲ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆಯಲ್ಲಿದ್ದವು. ನಿಜಾಮರು ಭಾರತಕ್ಕೆ ಸೇರಲು ಒಪ್ಪಿರಲಿಲ್ಲ. ಖಾಸಿಂ ರಜ್ವಿಯ ರಜಾಕಾರರ ಹೆದರಿಕೆ ಹಳ್ಳಿಹಳ್ಳಿಗೂ ಮುಟ್ಟಿತ್ತು. ಈ ಕಡೆಯ ಎಷ್ಟೋ ಹುಡುಗರು ಹೊಲ, ಮನೆ, ಹೆತ್ತವರನ್ನು ಬಿಟ್ಟು ಗಡಿ ದಾಟಿ ಮುಂಡರಗಿ, ಗಜೇಂದ್ರಗಡದ ಶಿಬಿರಗಳನ್ನು ಸೇರಿದರು. ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆ ಮುಂದಾಳುಗಳಾಗಿದ್ದರು.

ಇದೇ ಹೋರಾಟಕ್ಕೆ ಸಂಸ್ಥಾನದ ರಾಜಧಾನಿಯಲ್ಲೇ ಕೂತು ಜೀವ ಕೊಟ್ಟ ಒಬ್ಬ ಮುಸ್ಲಿಂ ಯುವಕನಿದ್ದರು. ಅವರೇ ಶೋಯಬುಲ್ಲಾ ಖಾನ್. ಕೊಪ್ಪಳದ ಕಡೆಯ ಹುಡುಗರಿಗೆ ಗಡಿಯಾಚೆ ಹೋಗಿ ನಿಲ್ಲಲು ಒಂದು ಜಾಗವಾದರೂ ಇತ್ತು. ಇವರಿಗೆ ಅದೂ ಇರಲಿಲ್ಲ. ಸಂಜೆಯಾದರೆ ಅದೇ ಊರಿನ ಅದೇ ಮನೆಗೆ ಮರಳಬೇಕಿತ್ತು.

1920ರಲ್ಲಿ ತೆಲಂಗಾಣ ಭಾಗದಲ್ಲಿ ಹುಟ್ಟಿದ ಶೋಯಬುಲ್ಲಾ, ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಪದವಿ ಪಡೆದರು. ತಂದೆ ಹಬೀಬುಲ್ಲಾ ಖಾನ್ ಪೊಲೀಸ್ ಇಲಾಖೆಯಲ್ಲಿದ್ದವರು. ಓದಿದ, ಉರ್ದು ಚೆನ್ನಾಗಿ ಬಲ್ಲ ಮುಸ್ಲಿಂ ಯುವಕನಿಗೆ ಅಂದಿನ ಹೈದರಾಬಾದಿನಲ್ಲಿ ಸರಕಾರಿ ಕೆಲಸ ದೊಡ್ಡ ಮಾತಾಗಿರಲಿಲ್ಲ. ತಿಂಗಳು ತಿಂಗಳು ಸಂಬಳ ತಂದು ಉಪ್ಪ, ಉಮ್ಮನನ್ನು ನೋಡಿಕೊಂಡಿದ್ದರೆ ಯಾರೂ ಅವರನ್ನು ತಪ್ಪು ಹೇಳುತ್ತಿರಲಿಲ್ಲ. ಅವರು ಹಿಡಿದದ್ದು ಮಾತ್ರ ಪತ್ರಿಕೆಯ ಕೆಲಸ, ಅದೂ ಸರಕಾರಕ್ಕೆ ಆಗದ ಪತ್ರಿಕೆಗಳಲ್ಲಿ.

ಮೊದಲು ‘ತೇಜ್’ ಎಂಬ ವಾರಪತ್ರಿಕೆ ಸೇರಿದರು. ಸರಕಾರ ಅದನ್ನು ನಿಲ್ಲಿಸಿತು. ಆಮೇಲೆ ಮಂದುಮುಲ ನರಸಿಂಗರಾಯರ ‘ರಯ್ಯತ್’ ಸೇರಿದರು. ಅದಕ್ಕೂ ಬೀಗ ಬಿತ್ತು. ಎರಡು ಸಲ ಕೆಲಸ ಹೋದ ಮೇಲೆ ಮನೆಮಂದಿಯ ಮುಖ ನೋಡಿಯಾದರೂ ಸುಮ್ಮನಾಗಬಹುದಿತ್ತು. ಅವರು ಸುಮ್ಮನಾಗಲಿಲ್ಲ. 1947ರ ನವೆಂಬರಿನಲ್ಲಿ ತಾವೇ ‘ಇಮ್ರೋಜ್’ ಎಂಬ ಉರ್ದು ದಿನಪತ್ರಿಕೆ ಶುರುಮಾಡಿದರು. ಇಮ್ರೋಜ್ ಅಂದರೆ ‘ಇವತ್ತು’ ಎಂದರ್ಥ. ಹೈದರಾಬಾದ್ ಭಾರತಕ್ಕೆ ಸೇರಬೇಕು, ಜನರಿಂದ ಆರಿಸಿ ಬಂದ ಸರಕಾರ ಬರಬೇಕು, ರಜಾಕಾರರ ದೌರ್ಜನ್ಯ ನಿಲ್ಲಬೇಕು ಎಂದು ಅದರಲ್ಲಿ ಬರೆದರು. ರಜಾಕಾರರು ತಾವೇ ಮುಸ್ಲಿಮರ ರಕ್ಷಕರು ಎಂದು ಹೇಳಿಕೊಳ್ಳುತ್ತಿದ್ದ ಕಾಲವದು. ಮುಸ್ಲಿಮರೇ ಓದುವ ಭಾಷೆಯಲ್ಲಿ, ಮುಸ್ಲಿಮನೊಬ್ಬ ಹೀಗೆ ಬರೆದದ್ದು ಅವರಿಗೆ ಸಹಿಸಲಾಗಲಿಲ್ಲ.

ಬೆದರಿಕೆಗಳು ಬರತೊಡಗಿದವು. ಮನೆಯಲ್ಲಿ ಹೆಂಡತಿ ತುಂಬು ಗರ್ಭಿಣಿ. ಮಗ ಹೊರಗೆ ಹೋದರೆ ವಾಪಸು ಬರುವವರೆಗೂ ಎಂಥ ಉಮ್ಮನಿಗೆ ನೆಮ್ಮದಿಯಿರುತ್ತದೆ? ಆದರೂ ಪತ್ರಿಕೆ ನಿಲ್ಲಲಿಲ್ಲ. 1948ರ ಆಗಸ್ಟ್‌ನಲ್ಲಿ ಹೈದರಾಬಾದಿನ ಏಳು ಮಂದಿ ಮುಸ್ಲಿಂ ಪ್ರಮುಖರು ಸಂಸ್ಥಾನ ಭಾರತಕ್ಕೆ ಸೇರುವುದೇ ಒಳ್ಳೆಯದೆಂದು ಹೇಳಿಕೆ ಕೊಟ್ಟರು. ‘ಇಮ್ರೋಜ್’ ಅದನ್ನೂ ಅಚ್ಚುಹಾಕಿತು. ತಮ್ಮ ವಿರುದ್ಧ ಎತ್ತಿದ ಕೈಗಳನ್ನು ಕಡಿಯಬೇಕೆಂದು ರಜ್ವಿ ಸಭೆಯಲ್ಲೇ ಗುಡುಗಿದ.

ಆಗಸ್ಟ್ 21ರ ರಾತ್ರಿ ಕಚೇರಿ ಕೆಲಸ ಮುಗಿಸಿ ಬಾವಮೈದುನ ಇಸ್ಮಾಯೀಲ್ ಖಾನರ ಜೊತೆ ಮನೆಗೆ ಬರುತ್ತಿದ್ದಾಗ ದುಷ್ಕರ್ಮಿಗಳು ಮೇಲೆ ಬಿದ್ದರು. ಶೋಯಬುಲ್ಲಾರಿಗೆ ಗುಂಡು ಹಾರಿಸಿ, ಬರೆಯುವ ಕೈಯನ್ನು ಕಡಿದರು. ಇಸ್ಮಾಯೀಲರ ಕೈಗೂ ಕತ್ತಿ ಬಿತ್ತು. ಬೆಳಗಾಗುವುದರೊಳಗೆ ಶೋಯಬುಲ್ಲಾ ತೀರಿಕೊಂಡರು. ಅವರಿಗೆ 28 ವರ್ಷವೂ ತುಂಬಿರಲಿಲ್ಲ.

ಅದಾಗಿ ತಿಂಗಳು ತುಂಬುವ ಮೊದಲೇ, ಸೆಪ್ಟೆಂಬರ್ 17ರಂದು ನಿಜಾಮರು ಶರಣಾದರು. ಕೊಪ್ಪಳದ ಕಡೆಯ ಹುಡುಗರು ಶಿಬಿರಗಳಿಂದ ಊರಿಗೆ ಮರಳಿದರು. ರಜಾಕಾರರು ಮಾಡಿದ ಪಾಪಕ್ಕೆ ಅದರ ಗೊಡವೆಗೇ ಹೋಗದ ಎಷ್ಟೋ ಬಡ ಮುಸ್ಲಿಂ ಕುಟುಂಬಗಳು ಸಂಸ್ಥಾನದ ಹಲವೆಡೆ ನೋವು ತಿಂದದ್ದೂ ಆ ದಿನಗಳಲ್ಲೇ. ಆ ಹೋರಾಟವನ್ನು ಎರಡು ಧರ್ಮಗಳ ಜಗಳವೆಂದು ಹೇಳುವವರು ಇವತ್ತಿಗೂ ಇದ್ದಾರೆ. ಅಂಥವರಿಗೆ ಶೋಯಬುಲ್ಲಾರ ಹೆಸರು ಗೊತ್ತಿರುವುದಿಲ್ಲ.

ಮನೆಯೋ ನಾಡೋ ಎಂಬ ಪ್ರಶ್ನೆ ಬಂದಾಗ ಬೆಲೆ ತೆತ್ತವರು ಅವರೊಬ್ಬರೇ ಅಲ್ಲ. ಮಗನನ್ನು ಕಳಕೊಂಡ ಹೆತ್ತವರು, ವಿಧವೆಯಾದ ಹೆಂಡತಿ, ತಂದೆಯ ಮುಖ ನೋಡದ ಮಗು, ಇವರೂ ತೆತ್ತರು. ಪ್ರತಿವರ್ಷ ಸೆಪ್ಟೆಂಬರ್ 17ರಂದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದಲ್ಲಿ ಧ್ವಜ ಏರುತ್ತದೆ. ಆ ದಿನ ನಮ್ಮ ಮನೆಗಳಲ್ಲೂ ಮಕ್ಕಳಿಗೆ ಈ ಕುಟುಂಬದ ಕಥೆ ಹೇಳೋಣ.